ಮುದ್ರೆ ನಿನ್ನ ಕೈಯಲ್ಲೇ ಇರಲಿ

ತಂಗಿ, ನೀನು ಸೇಡಂ ತಾಲ್ಲೂಕಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಆಗಿ ಹೊರಟಿರುವುದು ಕೇಳಿ ನನಗಂತೂ ಹಿಗ್ಗೋ ಹಿಗ್ಗು. ತೆರಿಗೆ ಬಾಕಿ ವಸೂಲಿ ಮಾಡಬೇಕು, ಖಾತೆಗಳನ್ನೆಲ್ಲ ನೆಟ್ಟಗೆ ಮಾಡಬೇಕು ಅನ್ನುತ್ತಿದ್ದೀ. ಮಾಡವಾ. ಆದರೆ ಕುರ್ಚಿಯಲ್ಲಿ ಕೂರುವ ಮುಂಚೆ ಮಹಮೂದ್ ಗವಾನನ ಕಥೆ ಒಮ್ಮೆ ಪೂರ್ತಿ ಕೇಳು. ಚಿಂಚೋಳಿ ದಾಟಿ ಬೀದರಿಗೆ ಹೋದ ನಮ್ಮವರೆಲ್ಲ ಅವನ ಮದರಸಾದ ಮಿನಾರಿನ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತಾರೆ. ಅವನು ಹೇಗೆ ಸತ್ತ ಎಂದು ಕೇಳುವವರು ಕಡಿಮೆ.

ಇರಾನಿನ ಗಿಲಾನಿನಿಂದ 1453ರಲ್ಲಿ ವ್ಯಾಪಾರಕ್ಕೆ ಬಂದವ, ಬಹಮನಿ ಸುಲ್ತಾನ ಮೂರನೇ ಮುಹಮ್ಮದ್ ಶಾಹನ ಕಾಲಕ್ಕೆ ಪ್ರಧಾನಿಯಾದ. 1472ರಲ್ಲಿ ಗೋವೆ ಗೆದ್ದುಕೊಟ್ಟ. ಅಲ್ಲಿಯವರೆಗೆ ಎಲ್ಲರಿಗೂ ಬೇಕಾಗಿದ್ದ. ಲೆಕ್ಕ ಕೇಳತೊಡಗಿದಾಗ ಹಗೆ ಬೆಳೆಯಿತು. ರಾಜ್ಯದ ನಾಲ್ಕು ಪ್ರಾಂತ್ಯಗಳನ್ನು, ಅಂದರೆ ತರಫ್‌ಗಳನ್ನು ಎಂಟು ಮಾಡಿದ; ಕಲಬುರಗಿ ತರಫೂ ಒಡೆದು ವಿಜಾಪುರ ಬೇರೆಯಾಯಿತು. ತರಫ್‌ದಾರನಿಗೆ ಒಂದೇ ಕೋಟೆ ಬಿಟ್ಟು, ಉಳಿದವಕ್ಕೆ ದರ್ಬಾರಿನಿಂದಲೇ ಕಿಲ್ಲೇದಾರರನ್ನು ಕಳಿಸಿದ. ಹೊಲ ಅಳೆಸಿದ. ಸೈನಿಕರನ್ನು ಬರೀ ಕಾಗದದಲ್ಲಿ ತೋರಿಸಿ ಸಂಬಳ ನುಂಗುತ್ತಿದ್ದವರಿಗೆ, ಎಷ್ಟು ಆಳು ಕಡಿಮೆಯೋ ಅಷ್ಟು ಹಣ ಮುರಿದ. ಇದನ್ನು ಎದುರಿಗೆ ನಿಂತು ಯಾರು ವಿರೋಧಿಸುತ್ತಾರೆ? ದರ್ಬಾರಿನ ಸರದಾರ ಮಲಿಕ್ ಹಸನ್ ಮತ್ತವನ ಕಡೆಯವರು ಹಿಂಬಾಗಿಲು ಹುಡುಕಿದರು.

ಆ ಬಾಗಿಲು ಗವಾನನ ಕಚೇರಿಯಲ್ಲೇ ಇತ್ತು. ಇತಿಹಾಸಕಾರ ಫರಿಷ್ತಾ ಬರೆದಂತೆ, ಅವನ ಮುದ್ರೆ ಕಾಯುತ್ತಿದ್ದ ಹಬ್ಶಿ (ಅಬಿಸೀನಿಯ ಮೂಲದ) ಆಳಿಗೆ ಇವರು ಉಡುಗೊರೆ ಕೊಟ್ಟು ಗೆಳೆತನ ಬೆಳೆಸಿದರು. ಒಂದು ದಿನ ಅವನು ಕುಡಿದ ಅಮಲಿನಲ್ಲಿದ್ದಾಗ ಮಡಚಿದ ಕಾಗದ ಮುಂದಿಟ್ಟು, ನಮ್ಮ ಗೆಳೆಯನ ಲೆಕ್ಕದ ಪತ್ರ, ಮುದ್ರೆ ಒಂದು ಬೀಳಬೇಕು ಎಂದರು. ಅವನು ಬಿಚ್ಚಿ ಕೂಡ ನೋಡದೆ ಒತ್ತಿಬಿಟ್ಟ. ಮುದ್ರೆ ಬಿದ್ದ ಆ ಖಾಲಿ ಕಾಗದದ ಮೇಲೆ ಒರಿಸ್ಸಾದ ದೊರೆಗೆ ದಂಡೆತ್ತಿ ಬಾ ಎನ್ನುವ ಪತ್ರ ಮೂಡಿತು. ಅದನ್ನು ಸುಲ್ತಾನನಿಗೆ ಮುಟ್ಟಿಸಿದರು. ಕುಡಿದಿದ್ದ ಸುಲ್ತಾನ ಗವಾನನನ್ನು ಕರೆಸಿ ಕೇಳಿದ. ಮುದ್ರೆ ನನ್ನದು, ಬರಹ ನನ್ನದಲ್ಲ ಎಂದ ಗವಾನ. ವಿಚಾರಣೆ ಇಲ್ಲ, ಸಾಕ್ಷಿ ಇಲ್ಲ. 1481ರ ಏಪ್ರಿಲ್ 5ರಂದು, ಕೊಂಡಪಲ್ಲಿಯ ಬೀಡಿನಲ್ಲಿ, ಎಪ್ಪತ್ತು ವರ್ಷದ ಮುದುಕನ ತಲೆ ತೆಗೆಸಿದರು. ಬರಬೇಡ, ಗುಜರಾತಿಗೆ ಓಡು ಎಂದು ಆಪ್ತರು ಎಚ್ಚರಿಸಿದ್ದರೂ ಅವನು ಹೋಗಿದ್ದ. ಆ ಧೈರ್ಯವನ್ನು ನೆನೆದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅವನ ಖಜಾನೆ ತೆರೆದರೆ ಸಿಕ್ಕ ಹಣ ಅಷ್ಟಕ್ಕಷ್ಟೇ. ಗಳಿಸಿದ್ದು ಬಡವರ ಪಾಲಾಗಿತ್ತು. ಸುಲ್ತಾನ ಮರುವರ್ಷವೇ ಸತ್ತ, ರಾಜ್ಯ ಮುಂದೆ ಐದು ಹೋಳಾಯಿತು.

ನನಗನ್ನಿಸುವುದು ಇಷ್ಟು. ಗವಾನನ ಸುಧಾರಣೆಗಳೆಲ್ಲ ಒಬ್ಬ ಸುಲ್ತಾನನ ನಂಬಿಕೆಯ ಮೇಲೆ ನಿಂತಿದ್ದವು. ಅದು ಕುಸಿದ ದಿನ ಅವನ ಪರವಾಗಿ ಬಾಯಿ ಬಿಡುವವರೇ ಇರಲಿಲ್ಲ. ನಿನಗೆ ಗ್ರಾಮಸಭೆ ಇದೆ, ಲೆಕ್ಕ ಜನರ ಮುಂದಿಡುವ ಜಮಾಬಂದಿ ಇದೆ. ಯಾರದು ಎಷ್ಟು ಬಾಕಿ, ಯಾವ ಖಾತೆ ಏಕೆ ತಿದ್ದಿದೆ ಎಂದು ಅಲ್ಲಿ ಓದಿ ಹೇಳು, ನಡಾವಳಿಯಲ್ಲಿ ಬರೆಸು. ಊರಿನ ಹತ್ತು ಜನಕ್ಕೆ ಲೆಕ್ಕ ಗೊತ್ತಿದ್ದರೆ ಸುಳ್ಳು ದೂರು ಬಂದಾಗ ನೀನು ಒಬ್ಬಳೇ ನಿಲ್ಲಬೇಕಾಗುವುದಿಲ್ಲ. ಮೇಲಿನವರ ಮೆಚ್ಚುಗೆಯನ್ನೇ ನೆಚ್ಚಿಕೊಳ್ಳಬೇಡ.

ಇನ್ನು ನಿನ್ನ ಹೆಸರಿಗೆ ಬರುವ ಡಿಜಿಟಲ್ ಸಹಿಯ ಡಾಂಗಲ್. ಮೀಟಿಂಗಿಗೆ ಹೋಗುವಾಗ ಆಪರೇಟರ್ ಕೈಗೆ ಕೊಟ್ಟು ಹೋಗುವ ರೂಢಿ ಮಾಡಿಕೊಳ್ಳಬೇಡ. ಅವನು ಒಳ್ಳೆಯವನೇ ಇರಬಹುದು, ಆದರೂ ಬೇಡ. ಪಿನ್ ಯಾರಿಗೂ ಹೇಳಬೇಡ, ಖಾಲಿ ಹಾಳೆಯ ಮೇಲೆ ಸಹಿ ಹಾಕಬೇಡ, ಮಡಚಿದ ಕಾಗದವನ್ನು ಬಿಚ್ಚಿ ಓದದೆ ಮುಂದಕ್ಕೆ ಕಳಿಸಬೇಡ.