ಗಮ್ ಕೆಲಸ ಮಾಡಲಿಲ್ಲ ಅನ್ನುವ ಮುನ್ನ

ಸಿಗರೇಟು ಬಿಡಲು ಹೊರಟು ಸೋತವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ‘ನಿಕೋಟಿನ್ ಗಮ್ಮೂ ತಗೊಂಡು ನೋಡಿದೆ ಸಾರ್, ಏನೂ ಆಗಲಿಲ್ಲ. ಬಿಕ್ಕಳಿಕೆ ಬಂತು ಅಷ್ಟೆ.’ ಹೇಗೆ ತಗೊಂಡಿರಿ ಎಂದು ವಿಚಾರಿಸಿದರೆ ಎಡವಿದ್ದು ಎಲ್ಲಿ ಎಂದು ಗೊತ್ತಾಗುತ್ತದೆ. ಬಬಲ್ ಗಮ್ ಜಗಿದಂತೆ ಜಗಿದಿರುತ್ತಾರೆ, ಮಧ್ಯೆ ಒಂದು ಕಾಫಿ ಕುಡಿದಿರುತ್ತಾರೆ, ದಿನಕ್ಕೆ ಎರಡೋ ಮೂರೋ ತುಂಡಿಗೆ ಮುಗಿಸಿರುತ್ತಾರೆ. ಔಷಧ ಅಂಗಡಿಯ ನೂಕುನುಗ್ಗಲಿನಲ್ಲಿ ಬಳಸುವ ಬಗೆ ಹೇಳಿಕೊಡಲು ಯಾರಿಗೂ ಪುರುಸೊತ್ತಿಲ್ಲ. ಪೊಟ್ಟಣದ ಮೇಲಿನ ಸಣ್ಣ ಅಕ್ಷರವನ್ನು ಯಾರೂ ಓದುವುದಿಲ್ಲ. ಸರಿಯಾಗಿ ಬಳಸಿದರೆ ಇದು ನಿಜಕ್ಕೂ ನೆರವಾಗುವ ಔಷಧ. ಹಾಗಾಗಿಯೇ ಈ ಲೇಖನ.

ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. ಜಲಾಂತರ್ಗಾಮಿಯೊಳಗೆ ಸಿಗರೇಟು ಸೇದಲಾಗದ ಸ್ವೀಡನ್ನಿನ ನಾವಿಕರು ಬಾಯಿಗೆ ತಂಬಾಕು ಹಾಕಿಕೊಳ್ಳುತ್ತಿದ್ದುದು ಈ ಗಮ್ಮಿನ ಯೋಚನೆಗೆ ಮೂಲ. 1978ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮೊದಲು ಮಾರಾಟಕ್ಕೆ ಬಂತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಗೂ, 2022ರಲ್ಲಿ ನಮ್ಮ ರಾಷ್ಟ್ರೀಯ ಪಟ್ಟಿಗೂ ಈ ಗಮ್ಮಿನಂಥ ನಿಕೋಟಿನ್ ಬದಲಿ ಚಿಕಿತ್ಸೆ ಸೇರಿತು.

‘ಇದರ ಬದಲು ವೇಪ್ (ಇ-ಸಿಗರೇಟು) ಹಿಡಿದರೆ ಆಗದೇ?’ ಎಂದು ಕೇಳುವ ಹುಡುಗರಿದ್ದಾರೆ. ಬೇಡ. 2019ರ ಕಾಯ್ದೆಯಿಂದ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವೂ ದೇಶದಲ್ಲಿ ನಿಷಿದ್ಧ. ಕದ್ದುಮುಚ್ಚಿ ಮಾರುವ ಆ ದ್ರವದಲ್ಲಿ ಏನಿದೆ, ಎಷ್ಟಿದೆ ಎಂದು ಖಾತ್ರಿ ಕೊಡುವವರಿಲ್ಲ. ಗಮ್ಮಿನಲ್ಲಿ ನಿಕೋಟಿನ್ ಅಳತೆಯಲ್ಲಿರುತ್ತದೆ. ಹೊಗೆಯಿಲ್ಲ, ಟಾರ್ ಇಲ್ಲ, ಕಾರ್ಬನ್ ಮೊನಾಕ್ಸೈಡ್ ಇಲ್ಲ.

ಹಂತ 1: ಅಳತೆ ಆರಿಸಿ

ಗಮ್ 2 ಮಿಲಿಗ್ರಾಂ ಮತ್ತು 4 ಮಿಲಿಗ್ರಾಂ ಎಂದು ಎರಡು ಬಗೆಯಲ್ಲಿ ಸಿಗುತ್ತದೆ. ದಿನಕ್ಕೆ ಎಷ್ಟು ಸೇದುತ್ತೀರಿ ಎಂಬುದಕ್ಕಿಂತ, ಬೆಳಿಗ್ಗೆ ಎದ್ದ ಮೇಲೆ ಮೊದಲನೆಯದನ್ನು ಎಷ್ಟು ಹೊತ್ತಿಗೆ ಹಚ್ಚುತ್ತೀರಿ ಎಂಬುದು ಚಟದ ಆಳವನ್ನು ಚೆನ್ನಾಗಿ ಹೇಳುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಬೇಕೇ ಬೇಕು ಎನ್ನುವವರಿಗೆ 4, ಅದಕ್ಕಿಂತ ತಡೆದುಕೊಳ್ಳಬಲ್ಲವರಿಗೆ 2. ಬೀಡಿಗೂ ಇದೇ ಲೆಕ್ಕ. 4 ಮಿಲಿಗ್ರಾಂ ಬೇಕೆನಿಸಿದರೆ ವೈದ್ಯರನ್ನು ಕಂಡು ಚೀಟಿ ಬರೆಸಿಕೊಂಡೇ ಕೊಳ್ಳಿ.

ಹಂತ 2: ದಿನ ಗೊತ್ತು ಮಾಡಿ

ಒಂದು ದಿನ ನಿಗದಿ ಮಾಡಿ, ಅಂದಿನಿಂದ ಸಿಗರೇಟು ಪೂರ್ತಿ ನಿಲ್ಲಿಸಿ. ‘ತುರ್ತಿಗೆ ಇರಲಿ’ ಎಂದು ಒಂದು ಪ್ಯಾಕ್ ಎತ್ತಿಡಬೇಡಿ. ಹಾಗೆ ಎತ್ತಿಟ್ಟವರಿಗೆಲ್ಲ ಆ ತುರ್ತು ಬಂದೇ ಬರುತ್ತದೆ.

ಹಂತ 3: ಕಚ್ಚಿ, ಇಡಿ, ಕಾಯಿರಿ

ತುಂಡನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಕಚ್ಚಿ. ಹತ್ತು ಹದಿನೈದು ಸಲ ಕಚ್ಚುವಷ್ಟರಲ್ಲಿ ಕಾಳುಮೆಣಸಿನಂಥ ಖಾರ ಬಿಟ್ಟು ಬಾಯಿ ಚುರುಚುರು ಎನ್ನುತ್ತದೆ. ಅಲ್ಲಿಗೆ ಜಗಿಯುವುದನ್ನು ನಿಲ್ಲಿಸಿ, ಗಮ್ಮನ್ನು ಕೆನ್ನೆ ಮತ್ತು ವಸಡಿನ ಸಂದಿಯಲ್ಲಿ ಇಟ್ಟು ಸುಮ್ಮನಿರಿ. ಒಂದೆರಡು ನಿಮಿಷಕ್ಕೆ ಚುರುಚುರು ಇಳಿಯುತ್ತದೆ. ಆಗ ಮತ್ತೆ ಕಚ್ಚಿ, ಖಾರ ಬಂದೊಡನೆ ಇನ್ನೊಂದು ಕೆನ್ನೆಗೆ ಸರಿಸಿ. ಹೀಗೆ ಅರ್ಧ ಗಂಟೆ. ಕಚ್ಚಿದರೂ ಖಾರ ಬರುತ್ತಿಲ್ಲ ಎಂದರೆ ಮುಗಿಯಿತು. ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿ. ಜಗಿದ ಗಮ್ಮಿನಲ್ಲೂ ನಿಕೋಟಿನ್ ಉಳಿದಿರುತ್ತದೆ, ಮಕ್ಕಳ ಕೈಗೆ, ನಾಯಿಯ ಬಾಯಿಗೆ ಸಿಗಬಾರದು.

ನಿಕೋಟಿನ್ ರಕ್ತ ಸೇರಬೇಕಾದದ್ದು ಬಾಯಿಯ ಒಳಪದರದ ಮೂಲಕ. ಬಿಡುವಿಲ್ಲದೆ ಜಗಿದರೆ ಅದೆಲ್ಲ ಜೊಲ್ಲಿನ ಜತೆ ಹೊಟ್ಟೆಗೆ ಇಳಿಯುತ್ತದೆ. ಅಲ್ಲಿಂದ ರಕ್ತಕ್ಕೆ ಹೋಗುವ ದಾರಿಯಲ್ಲಿ ಯಕೃತ್ತು ಬಹುಪಾಲನ್ನು ಒಡೆದುಹಾಕುತ್ತದೆ. ಮಿದುಳಿಗೆ ಸಿಗುವುದು ಅಲ್ಪ, ನಿಮ್ಮ ಪಾಲಿಗೆ ಉಳಿಯುವುದು ಬಿಕ್ಕಳಿಕೆ, ಎದೆಯುರಿ, ಓಕರಿಕೆ.

ಇನ್ನೊಂದು ಮಾತು. ಸಿಗರೇಟಿನ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳು ತಲುಪುತ್ತದೆ, ಗಮ್ಮಿನದಕ್ಕೆ ಇಪ್ಪತ್ತು ಮೂವತ್ತು ನಿಮಿಷ ಹಿಡಿಯುತ್ತದೆ. ಹಾಗಾಗಿ ಸೇದುವ ಆಸೆ ನೆತ್ತಿಗೇರಿದ ಮೇಲೆ ಗಮ್ ಹುಡುಕುವುದಲ್ಲ, ಅದಕ್ಕೆ ಮೊದಲೇ ಬಾಯಲ್ಲಿರಬೇಕು.

ಹಂತ 4: ಕಾಫಿಯಿಂದ ದೂರ ಇಡಿ

ಇದನ್ನು ಒತ್ತಿ ಹೇಳಲೇಬೇಕು. ಉಳಿದದ್ದನ್ನೆಲ್ಲ ಸರಿಯಾಗಿ ಮಾಡಿದವರೂ ಸೋಲುವುದು ಇಲ್ಲೇ.

ಬಾಯಿ ಕ್ಷಾರೀಯವಾಗಿದ್ದಾಗ ಮಾತ್ರ ನಿಕೋಟಿನ್ ಒಳಪದರವನ್ನು ಸರಾಗವಾಗಿ ದಾಟುತ್ತದೆ. ಹೊಗೆಸೊಪ್ಪಿಗೆ ಸುಣ್ಣ ಬೆರೆಸಿ ತಿಕ್ಕುವವರಿಗೆ ಇದು ಅನುಭವದಿಂದಲೇ ಗೊತ್ತು. ಸುಣ್ಣವಿಲ್ಲದ ಸೊಪ್ಪು ‘ಏರುವುದಿಲ್ಲ’. ಗಮ್ಮಿನಲ್ಲೂ ಸುಣ್ಣದ ಆ ಕೆಲಸಕ್ಕೆಂದೇ ಸೋಡಾದಂಥ ಕ್ಷಾರ ಸೇರಿಸಿರುತ್ತಾರೆ. ಕಾಫಿ ಆಮ್ಲೀಯ. ಒಂದು ಗುಟುಕು ಸಾಕು, ಆ ಕ್ಷಾರ ಕೆಲಸಕ್ಕೆ ಬಾರದಂತಾಗುತ್ತದೆ. ಗಮ್ ಬಾಯಲ್ಲೇ ಇರುತ್ತದೆ, ಖಾರವೂ ಇರುತ್ತದೆ, ನಿಕೋಟಿನ್ ಮಾತ್ರ ರಕ್ತ ಸೇರುವುದಿಲ್ಲ. ಕಿತ್ತಳೆ ರಸ, ನಿಂಬೆ ಶರಬತ್ತು, ಲೆಮನ್ ಟೀ, ಕೋಲಾ, ಮಜ್ಜಿಗೆ ಎಲ್ಲಕ್ಕೂ ಇದೇ ಮಾತು. ಗಮ್ ಹಾಕಿಕೊಳ್ಳುವ 15 ನಿಮಿಷ ಮೊದಲಿನಿಂದ, ಅದು ಬಾಯಲ್ಲಿರುವಷ್ಟು ಹೊತ್ತೂ ನೀರು ಬಿಟ್ಟು ಬೇರೇನೂ ಬೇಡ. ತಿಂಡಿ ಊಟಕ್ಕೂ ಅದೇ ನಿಯಮ. ಊಟವಾದ ಮೇಲೆ ಬಾಯಿ ಮುಕ್ಕಳಿಸಿ, ಕಾಲು ಗಂಟೆ ಬಿಟ್ಟು ಗಮ್.

ತೊಡಕು ಏನೆಂದರೆ ನಮ್ಮಲ್ಲಿ ಕಾಫಿಯೂ ಸಿಗರೇಟೂ ಜೋಡಿ. ದರ್ಶಿನಿ ಮುಂದೆ ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಸಿಗರೇಟು ಹಿಡಿದು ನಿಂತ ಅಭ್ಯಾಸ ಎಷ್ಟೋ ವರ್ಷದ್ದು. ಸೇದಬೇಕೆಂಬ ಆಸೆ ಹುಟ್ಟುವುದೇ ಮೊದಲ ಗುಟುಕಿಗೆ, ಗಮ್ ಕೆಲಸ ಮಾಡದಿರುವುದೂ ಆಗಲೇ! ಅದಕ್ಕೆ ಗಮ್ಮನ್ನು ಕಾಫಿಗಿಂತ ಮುಂಚೆ ಮುಗಿಸಿ. ಕಚೇರಿಯಲ್ಲಿ 11 ಗಂಟೆಗೆ ಕಾಫಿ ಎಂದಾದರೆ 10.15ಕ್ಕೆ ಗಮ್ ಬಾಯಿಗೆ, 10.45ಕ್ಕೆ ಆಚೆ. ಲೋಟ ಕೈಗೆ ಬರುವ ಹೊತ್ತಿಗೆ ನಿಕೋಟಿನ್ ರಕ್ತದಲ್ಲಿರುತ್ತದೆ. ಮೊದಲ ಕೆಲವು ವಾರ ಕಾಫಿಯ ಜಾಗವನ್ನೂ ಬದಲಿಸಿ. ಸೇದುವ ಗೆಳೆಯರು ಸೇರುವ ಅಂಗಡಿ ಬೇಡ, ಕೂತು ಕುಡಿಯುವ ಜಾಗ ಇರಲಿ.

ಕಾಫಿಯ ಪ್ರಮಾಣವನ್ನೂ ಇಳಿಸಿ. ಸಿಗರೇಟಿನ ಹೊಗೆ ಕೆಫೀನನ್ನು ಬೇಗ ಕರಗಿಸುವಂತೆ ಯಕೃತ್ತನ್ನು ಚುರುಕಾಗಿಸಿರುತ್ತದೆ. ಸೇದುವುದು ನಿಂತ ಮೇಲೆ ಅದೇ ನಾಲ್ಕು ಲೋಟ ಕಾಫಿಯ ಕೆಫೀನು ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಕೈನಡುಕ, ಚಡಪಡಿಕೆ ಶುರುವಾಗುತ್ತದೆ, ನಿದ್ದೆ ಹಾರುತ್ತದೆ. ಬೈಗುಳ ಮಾತ್ರ ಗಮ್ಮಿಗೆ! ನಾಲ್ಕಿದ್ದದ್ದು ಎರಡಾಗಲಿ.

ಹಂತ 5: ಲೆಕ್ಕ ತಪ್ಪಬೇಡಿ

ಮೊದಲ 6 ವಾರ ಎಚ್ಚರವಿರುವಷ್ಟು ಹೊತ್ತು ಗಂಟೆಗೆ ಅಥವಾ ಎರಡು ಗಂಟೆಗೆ ಒಂದು, ದಿನಕ್ಕೆ ಕನಿಷ್ಠ 9. ಮುಂದಿನ 3 ವಾರ ಎರಡರಿಂದ ನಾಲ್ಕು ಗಂಟೆಗೊಂದು. ಕೊನೆಯ 3 ವಾರ ನಾಲ್ಕರಿಂದ ಎಂಟು ಗಂಟೆಗೊಂದು. ಒಟ್ಟು 12 ವಾರ. ಯಾವ ದಿನವೂ 24 ದಾಟಬಾರದು, ಒಂದೇ ಸಲ ಎರಡು ತುಂಡು ಹಾಕಬಾರದು. ‘ಇದೂ ಚಟವಾದೀತು’ ಎಂಬ ಹೆದರಿಕೆಯಿಂದ ದಿನಕ್ಕೆ ಎರಡಕ್ಕೆ ನಿಲ್ಲಿಸುವವರು ವಾರದೊಳಗೆ ಮತ್ತೆ ಬೆಂಕಿಪೊಟ್ಟಣ ಹುಡುಕುವುದನ್ನು ಬೇಕಾದಷ್ಟು ನೋಡಿದ್ದೇನೆ. ಧಾರಾಳವಾಗಿ ಶುರು ಮಾಡಿ, ಕ್ರಮವಾಗಿ ಇಳಿಸಿ.

ಯಾರಿಗೆ ಬೇಡ?

ಎರಡು ವಾರದೊಳಗೆ ಹೃದಯಾಘಾತ ಆದವರು, ಎದೆಬಡಿತದ ತೀವ್ರ ಏರುಪೇರು ಅಥವಾ ಹೆಚ್ಚುತ್ತಿರುವ ಎದೆನೋವು ಇರುವವರು, ಗರ್ಭಿಣಿಯರು, ಹಾಲುಣಿಸುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಹಲ್ಲಿನ ಸೆಟ್ ಇದ್ದವರಿಗೆ, ದವಡೆ ನೋವಿನವರಿಗೆ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಒಳ್ಳೆಯದು. ಆಸ್ತಮಾಗೆ ಥಿಯೋಫಿಲಿನ್, ಮಾನಸಿಕ ಕಾಯಿಲೆಗೆ ಕ್ಲೊಜಪಿನ್ ತೆಗೆದುಕೊಳ್ಳುವವರು ಸಿಗರೇಟು ಬಿಡುವ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಿ. ಆ ಮಾತ್ರೆಗಳ ಪ್ರಮಾಣ ಬದಲಿಸಬೇಕಾಗಬಹುದು. ಚಟ ಗಟ್ಟಿಯಾಗಿದ್ದರೆ ಪ್ಯಾಚ್ ಮತ್ತು ಗಮ್ ಎರಡನ್ನೂ ಜತೆಗೆ ಕೊಡುವುದುಂಟು, ಅದೂ ವೈದ್ಯರ ಸಲಹೆಯಲ್ಲೇ. ನಡುವೆ ಎಡವಿ ಒಂದು ಸೇದಿಬಿಟ್ಟರೆ ಅಲ್ಲಿಗೇ ಕೈಬಿಡಬೇಡಿ, ಮುಂದಿನ ತುಂಡಿನಿಂದ ಮುಂದುವರಿಸಿ. ಮಾತಾಡಿ ಧೈರ್ಯ ತಂದುಕೊಳ್ಳಬೇಕು ಎನಿಸಿದರೆ ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿ. ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದ ಮೂಲಕ ಕನ್ನಡದಲ್ಲೇ ಮಾತಾಡಬಹುದು.