ಬೆನ್ನೆಲುಬಿನೊಳಗಿನ ಹಗೆ

ಬೆನ್ನೆಲುಬು ದೇಹದ ಆಧಾರಸ್ತಂಭ. ಅದಕ್ಕೆ ಸೋಂಕು ತಗುಲಿದರೆ ಮೊದಲು ನೋವು. ಅಲಕ್ಷಿಸಿದರೆ ಬೆನ್ನುಹುರಿ ಒತ್ತಡಕ್ಕೆ ಸಿಲುಕಿ ಕಾಲುಗಳ ಬಲವೇ ಉಡುಗಬಹುದು. 1779ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಇಂತಹ ರೋಗಿಗಳ ಬಾಗಿದ ಬೆನ್ನನ್ನೂ ಸೋತ ಕಾಲುಗಳನ್ನೂ ವರ್ಣಿಸಿದನು. ಬೆನ್ನೆಲುಬಿನ ಕ್ಷಯಕ್ಕೆ ಇಂದಿಗೂ ಅವನ ಹೆಸರಿದೆ. ಆದರೆ ಕೀವು ಹುಟ್ಟಿಸುವ ಬೇರೆ ರೋಗಾಣುಗಳೂ ಅಲ್ಲಿ ನೆಲೆಸಬಲ್ಲವು. ಕ್ಷಯಕ್ಕೆ ತಿಂಗಳುಗಟ್ಟಲೆ ಔಷಧಿ ಬೇಕು. ಇವುಗಳಿಗೆ ಬೇರೆಯೇ ಔಷಧಿ, ಸಾಮಾನ್ಯವಾಗಿ ಕೆಲವು ವಾರ. ಹಗೆಯನ್ನು ಗುರುತಿಸದೆ ಬಾಣ ಬಿಟ್ಟರೆ ಫಲವೇನು?

ಇಲ್ಲಿ ನೆರವಿಗೆ ಬರುವುದು ಎಂ.ಆರ್.ಐ. ಪ್ರಬಲ ಅಯಸ್ಕಾಂತದ ನಡುವೆ ದೇಹದ ಜಲಜನಕ ಪರಮಾಣುಗಳು ರೇಡಿಯೋ ತರಂಗಗಳಿಗೆ ಕೊಡುವ ಮರುದನಿಯೇ ಚಿತ್ರವಾಗುತ್ತದೆ. ಕೀವಿನ ಸೋಂಕು ಸಾಮಾನ್ಯವಾಗಿ ಎರಡು ಕಶೇರುಮಣಿಗಳ ನಡುವಣ ಮೆತ್ತೆಯನ್ನು ಬೇಗನೆ ನಾಶಮಾಡುತ್ತದೆ. ಅದರ ಕೀವಿನ ಚೀಲದ ಗೋಡೆ ದಪ್ಪ, ಒರಟು. ಕ್ಷಯವಾದರೋ ಬಹುಮಟ್ಟಿಗೆ ಮೆತ್ತೆಯನ್ನು ತಡವಾಗಿ ಮುಟ್ಟುತ್ತದೆ. ಅಸ್ಥಿರಜ್ಜುವಿನ ಅಡಿಯಲ್ಲಿ ನುಸುಳಿ ಹಲವು ಮಣಿಗಳಿಗೆ ಹರಡುತ್ತದೆ. ಅದರ ಚೀಲದ ಗೋಡೆ ತೆಳು, ನುಣುಪು.

ಆದರೂ ಈ ಲಕ್ಷಣಗಳು ಒಮ್ಮೊಮ್ಮೆ ಬೆರೆತು ಕಾಣುವುದುಂಟು. ಆದುದರಿಂದ ವೈದ್ಯರು ಸೋಂಕಿದ ಭಾಗದ ಚೂರನ್ನು ಸೂಜಿಯಿಂದ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಹಗೆಯ ಹೆಸರು ತಿಳಿದು, ಸಕಾಲದಲ್ಲಿ ತಕ್ಕ ಔಷಧಿ ದೊರೆತರೆ, ಹಾಸಿಗೆ ಹಿಡಿದವನೂ ಮತ್ತೆ ನೆಟ್ಟಗೆ ನಿಲ್ಲಬಲ್ಲನು.