ಈ ಕೋಟು ನಮ್ಮವರದಲ್ಲ

ಮೂಡಲಗಿಯ ತಂಗಿಗೆ,

ನೀ ಕಳಿಸಿದ ಹನ್ನೆರಡೂ ಚಿತ್ರ ನೋಡಿದೆ. ಮೊಬೈಲಿನಲ್ಲಿ ನನ್ನ ಕಣ್ಣಿಗೆ ಹತ್ತದ್ದರಿಂದ ಮಗನ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿಸಿ ನೋಡಿದೆ. ಎರಡು ದಿನ ಉತ್ತರ ಬರೆಯಲಿಲ್ಲ, ಬರೆದಿದ್ದರೆ ಬರೀ ಬೈಗುಳ ಬರುತ್ತಿತ್ತು. ಟ್ಯಾಬ್ ಕೊಳ್ಳಲೋ, ಕಾಗದವೇ ಸಾಕೋ ಎಂದು ಕೇಳಿದ್ದಿ. ಇದನ್ನೇ ಕೇಳುವ ಹುಡುಗರು ಬಹಳ ಆಗಿದ್ದಾರೆ, ಅದಕ್ಕೆ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಮೊದಲು ನನ್ನದೇ ಒಂದು ಕಥೆ ಕೇಳು. ಗೋಕಾಕದಲ್ಲಿ ನಾನು ಬೋರ್ಡು ಬರೆಯುತ್ತಿದ್ದ ಕಾಲ. ಕರದಂಟಿನ ಅಂಗಡಿ, ಹಿಟ್ಟಿನ ಗಿರಣಿ, ಟ್ರ್ಯಾಕ್ಟರ್ ಟ್ರಾಲಿಯ ಹಿಂಬದಿ, ಇವೆಲ್ಲ ಹೊಟ್ಟೆಪಾಡಿಗೆ. ಜೊತೆಗೆ ತೀರಿಹೋದವರ ಭಾವಚಿತ್ರ. ಹೆಬ್ಬೆರಳಿನಷ್ಟು ಕಪ್ಪು-ಬಿಳುಪು ಫೋಟೋ ತಂದು ಕೊಡುತ್ತಿದ್ದರು. ಅದರ ಮೇಲೆ ಚೂಪು ಪೆನ್ಸಿಲಿನಲ್ಲಿ ಚೌಕ ಹಾಕಿ, ಹಲಗೆಯ ಮೇಲೂ ಅಷ್ಟೇ ಚೌಕ ದೊಡ್ಡದಾಗಿ ಹಾಕಿ, ಒಂದೊಂದೇ ಚೌಕ ಇಳಿಸುತ್ತಿದ್ದೆ. ಕೂದಲೆಳೆಯೂ ಆಚೀಚೆ ಆಗುತ್ತಿರಲಿಲ್ಲ. ಅದರ ಸೊಕ್ಕೂ ಇತ್ತು.

ಹುಕ್ಕೇರಿ ಕಡೆಯ ಒಬ್ಬ ಆಯಿ ಗಂಡನ ಫೋಟೋ ಕೊಟ್ಟು ಹೋದರು. ಎಂಟು ದಿನ ಕೂತು ಮಾಡಿದೆ. ಕೋಟಿನ ಗುಂಡಿಗೆ ಬೆಳಕಿನ ಚುಕ್ಕೆ ಸಹ ಇಟ್ಟಿದ್ದೆ. ಆಯಿ ಬಂದು ನೋಡಿ, ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದರು: "ಮಾರಿ ಅವರದ ಐತಿ. ಆದ್ರ ಈ ಕೋಟು ನಮ್ಮವರದಲ್ಲಪಾ. ಸ್ಟುಡಿಯೋದಾಂವ ತೊಡಿಸಿದ್ದು."

ಆಗಿನ ಸ್ಟುಡಿಯೋಗಳಲ್ಲಿ ಗೋಡೆಗೆ ಒಂದು ಕೋಟು ತೂಗುಬಿಟ್ಟಿರುತ್ತಿದ್ದರು. ಯಾರು ಬಂದರೂ ಅದೇ ಕೋಟು. ಊರಿನ ಅರ್ಧ ಗೋಡೆಗಳ ಮೇಲಿನ ಹಿರಿಯರು ಆ ಒಂದೇ ಕೋಟಿನಲ್ಲಿದ್ದಾರೆ. ಅದು ನನಗೆ ಗೊತ್ತಿದ್ದೂ ಹೊಳೆದಿರಲಿಲ್ಲ.

ಕೋಟಿನ ಬದಲು ಅವರ ನಿಜದ ಉಡುಪು ಬರೆಯುವುದೆಂದಾಯಿತು. ಮರುದಿನ ಆಯಿ ಕೈಚೀಲದಲ್ಲಿ ಯಜಮಾನರ ರುಮಾಲು ತಂದರು. ಬಿಚ್ಚಿದೆ. ಹೊರಮಡಿಕೆ ಬಿಸಿಲಿಗೆ ಬಾಡಿ ಇಟ್ಟಂಗಿ ಪುಡಿಯಂತಾಗಿತ್ತು, ಒಳಮಡಿಕೆಯಲ್ಲಿ ಇನ್ನೂ ಕುಂಕುಮದ ಕೆಂಪು. ಯಾವುದನ್ನು ಬರೆಯಲಿ? ಕೊಡವೊಂದನ್ನು ಬೋರಲು ಹಾಕಿ, ಅದಕ್ಕೆ ಆಯಿಯ ಕೈಯಿಂದಲೇ ಸುತ್ತಿಸಿ ಕಿಟಕಿಯ ಬಳಿ ಇಟ್ಟೆ. ಬೆಳಕು ಬಿದ್ದ ಉಬ್ಬಿನಲ್ಲಿ ಬಣ್ಣ ಸತ್ತಿದೆ, ಕತ್ತಲ ಸಂದಿಯಲ್ಲಿ ಬಣ್ಣ ಉರಿಯುತ್ತಿದೆ! ನೆರಳೆಂದರೆ ಬಣ್ಣಕ್ಕೆ ಕರಿ ಬೆರೆಸುವುದು ಎಂದು ಹದಿನೈದು ವರ್ಷ ನಂಬಿದ್ದವನು ನಾನು. ಆ ರುಮಾಲಿಗೆ ಕರಿ ಡಬ್ಬಿಯ ಮುಚ್ಚಳ ತೆಗೆಯಲೇ ಇಲ್ಲ. ಕೋಟಿನ ಮೇಲೆ ಬಿಳಿ ಅಂಗಿ ಬಳಿಯುವುದೇ ದೊಡ್ಡ ಪೀಕಲಾಟವಾಯಿತು. ಮೂರು ಕೋಟಿಂಗ್ ಹೊಡೆದರೂ ಕೆಳಗಿನ ಕರಿ ಬೂದಿಯಾಗಿ ಇಣುಕುತ್ತಿತ್ತು. ದುಡ್ಡು ಹೆಚ್ಚು ಕೇಳಲು ಬಾಯಿ ಬರಲಿಲ್ಲ.

ಈಗ ನಿನ್ನ ಚಿತ್ರಕ್ಕೆ ಬರುತ್ತೇನೆ. ಫೋಟೋ ನೋಡಿ ಬರೆಯುವುದು ಕಳ್ಳತನ ಎನ್ನುವವನಲ್ಲ ನಾನು. ರಾಜಾ ರವಿವರ್ಮ ಫೋಟೋ ಬಳಸಿದವನೇ, ಪ್ಯಾರಿಸ್ಸಿನ ಚಿತ್ರಕಾರ ಡೆಗಾ ತಾನೇ ಕ್ಯಾಮೆರಾ ಹಿಡಿದವನು. ಆದರೆ ನೀನು ಮಾಡಿದ್ದೇನು? ಆ್ಯಪಿನಲ್ಲಿ ಅಜ್ಜಿಯ ಫೋಟೋ ಹಾಕಿ, ಗೆರೆಯಾಗಿಸುವ ಒಂದು ಗುಂಡಿ ಒತ್ತಿದ್ದಿ. ಅಜ್ಜಿಯ ಕೆನ್ನೆಗೂ ಪ್ಲಾಸ್ಟಿಕ್ ಕುರ್ಚಿಯ ಕಾಲಿಗೂ ಒಂದೇ ದಪ್ಪದ ಗೆರೆ! ಫೋನು ಹತ್ತಿರ ಹಿಡಿದರೆ ಮೂಗು ಉಬ್ಬುತ್ತದೆ, ಕಿವಿ ಹಿಂದೆ ಸರಿಯುತ್ತದೆ. ಆ ಉಬ್ಬಿದ ಮೂಗನ್ನೂ ಹಾಗೇ ಟ್ರೇಸ್ ಮಾಡಿದ್ದಿ. ನಿಮ್ಮಜ್ಜಿಯ ಮೂಗು ಅಷ್ಟು ದೊಡ್ಡದಿರಲಿಲ್ಲ, ನಾ ಬಲ್ಲೆ. ಇನ್ನೊಂದು ಚಿತ್ರದಲ್ಲಿ ಗೋಕಾಕ ಫಾಲ್ಸಿಗೆ ನೀಲಿ ತುಂಬಿದ್ದಿ. ಶ್ರಾವಣದಲ್ಲಿ ತೂಗುಸೇತುವೆಯ ಮೇಲೆ ನಿಂತವಳಲ್ಲವೇ ನೀನು? ನೂರಾ ಎಪ್ಪತ್ತು ಅಡಿಯಿಂದ ಬೀಳುವ ಘಟಪ್ರಭೆ ಆಗ ಕಾಸಿದ ಚಹಾದ ಬಣ್ಣ. ಕಣ್ಣಾರೆ ಕಂಡದ್ದನ್ನು ಬಿಟ್ಟು ಫೋನಿನ ಮಾತು ನಂಬುವುದಾದರೆ ಕೈಗೆ ಕುಂಚ ಯಾಕೆ ಬೇಕು?

ಸಿಟ್ಟಿನಲ್ಲಿ ಒಂದು ಮಾತು ಹೆಚ್ಚಾಯಿತು, ಬಿಡು. ಹತ್ತನೆಯ ಚಿತ್ರ ನೋಡಿ ನಾನು ಸುಮ್ಮನಾದೆ. ಹಿಡಕಲ್ ಜಲಾಶಯದ ನೀರು ಇಳಿದಾಗ ಮೇಲೆ ಬರುವ ಹುನ್ನೂರಿನ ವಿಠ್ಠಲ ದೇವಸ್ಥಾನ. ಅದೊಂದನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ಬಾಲ್‌ಪೆನ್ನಿನಿಂದ ಬರೆದಿದ್ದಿ. ನೀರನ್ನು ಬರೆದೇ ಇಲ್ಲ. ಗೋಡೆಯ ಗೆರೆಗಳನ್ನು ಒಂದು ಮಟ್ಟಕ್ಕೆ ನಿಲ್ಲಿಸಿಬಿಟ್ಟಿದ್ದಿ, ಅಲ್ಲಿಂದ ಕೆಳಗೆ ತಾನಾಗಿ ನೀರು ನಿಂತಿದೆ. ಚಿತ್ರಕಾರ ಕೆ.ಕೆ. ಹೆಬ್ಬಾರರು ಗೆರೆಗೆ ಲಯ ಬರಲೆಂದು ಕಥಕ್ ಕಲಿತರಂತೆ. ನಿನಗೆ ಯಾರೂ ಕಲಿಸದೆ ಒಂದು ಗೆರೆ ಎಲ್ಲಿ ನಿಲ್ಲಬೇಕೆಂದು ತಿಳಿದಿದೆ. ಗುಂಡಿ ಒತ್ತುತ್ತಾ ಕೂತರೆ ಇದು ಹೋಗುತ್ತದೆ. ನನ್ನ ಹೊಟ್ಟೆಉರಿ ಅದಕ್ಕೆ.

ಈಗ ಹೀಗೆ ಮಾಡು. ಅಜ್ಜಿಯ ಒಂದೇ ಫೋಟೋ ಇಟ್ಟುಕೊ. ಚೆನ್ನಾಗಿ ನೋಡಿ ಬೋರಲು ಹಾಕು, ನೆನಪಿದ್ದಷ್ಟನ್ನು ಬರೀ ಗೆರೆಯಲ್ಲಿ ಬರಿ. ಏನು ಮರೆತೆಯೋ ಅದು ಚಿತ್ರಕ್ಕೆ ಬಹುಶಃ ಬೇಕಾಗಿರಲಿಲ್ಲ. ಆಮೇಲೆ ಮಸಿಗೆ ನೀರು ಬೆರೆಸಿ ದಟ್ಟ, ನಡು, ತೆಳು ಎಂದು ಮೂರೇ ಬಟ್ಟಲು ಮಾಡಿಕೊಂಡು, ಕಣ್ಣು ಕಿರಿದು ಮಾಡಿ ನೋಡುತ್ತಾ ತುಂಬು. ಇಲ್ಲಿ ಬೇಕಾದರೆ ಫೋನು ಬಳಸು, ಫೋಟೋದ ಬಣ್ಣ ತೆಗೆದು ನೋಡು. ಅಜ್ಜಿಯ ಹಸಿರು ಸೀರೆ, ಹಿಂದಿನ ಕೆಂಪು ಗೋಡೆ ಎರಡೂ ಒಂದೇ ಬೂದಿಯಾಗಿ ಕಲೆತುಹೋಗುತ್ತವೆ. ಬಣ್ಣ ಬೇರೆಯಾದರೂ ಛಾಯೆ ಒಂದೇ, ಅದಕ್ಕೇ ನಿನ್ನ ಚಿತ್ರದಲ್ಲಿ ಅಜ್ಜಿ ಗೋಡೆಗೆ ಅಂಟಿಕೊಂಡಿದ್ದಾಳೆ. ಗೋಡೆಯನ್ನು ತೆಳುವಾಗಿಸು, ಮುಂದೆ ಬರುತ್ತಾಳೆ. ಬಣ್ಣ ಕಡೆಗೆ, ಎರಡೇ ಟ್ಯೂಬಿನಲ್ಲಿ. ಕೆಡಲಿ, ಹಾಳೆಗೆ ಎಷ್ಟು ಮಹಾ ಖರ್ಚು?

ಟ್ಯಾಬ್ ಬೇಡ ಎನ್ನುವುದಿಲ್ಲ. ದೀಪಾವಳಿಗೆ ಕೊಳ್ಳು, ಬೇಕಾದರೆ ಅದರ ಮುಂದಿನ ದೀಪಾವಳಿಗೆ. ಗೋಕಾಕಕ್ಕೆ ಬರುವಾಗ ಮಾತ್ರ ಆ ಹಸಿರು ಸೀರೆ ತಾ. ಟ್ರಂಕಿನಲ್ಲಿ ಇದ್ದೇ ಇರುತ್ತದೆ. ನನ್ನ ಕಿಟಕಿಯ ಹತ್ತಿರ ಕುರ್ಚಿಯ ಮೇಲೆ ಹಾಕಿ ನೋಡೋಣ. ಬೈದೆನೆಂದು ಬೇಜಾರಾಗಬೇಡ, ನಿಮ್ಮ ಕಾಕು ನಿನಗೆಂದು ಕರದಂಟು ಎತ್ತಿಟ್ಟಿದ್ದಾಳೆ.

ನಿನ್ನ ಪೇಂಟರ್ ಕಾಕಾ
ಗೋಕಾಕ